ಎಮ್ಮೆ ಏಳುವ ರೀತಿ

ಹಲಬರ್ಗಾದ ನಮ್ಮ ಮನೆಯಲ್ಲಿ ಇದ್ದದ್ದು ಎಮ್ಮೆ ಎಂದು ನಾನು ಹೇಳುತ್ತೇನೆ. ಅಲ್ಲ, ಆಕಳು ಎಂದು ಅಕ್ಕ ಹೇಳುತ್ತಾಳೆ. ನಾವಿಬ್ಬರೂ ಈಗ ಮುದುಕರು. ಭಾಲ್ಕಿಯ ಅವಳ ಮನೆಗೆ ಹೋದಾಗಲೆಲ್ಲ ಚಹಾ ಆರಿ ಕೆನೆಗಟ್ಟುವ ತನಕ ಈ ಜಗಳ ಆಡುತ್ತೇವೆ. ವಿಶ್ವವಿದ್ಯಾಲಯದಲ್ಲಿ ನಾನು ಮೊದಲು ತತ್ತ್ವಶಾಸ್ತ್ರ ಓದಿದೆ, ಅದು ಸಾಲದೆಂದು ಇತಿಹಾಸಕ್ಕೆ ಹಾರಿದೆ, ಅಲ್ಲಿಯೂ ನೆಟ್ಟಗೆ ಕೂರಲಿಲ್ಲ. ಎರಡೂ ಕಡೆ ಕಲಿತದ್ದು ಒಂದೇ ಪಾಠ. ಒಬ್ಬನೇ ಸಾಕ್ಷಿ ಹೇಳಿದ್ದನ್ನು ನಂಬಬಾರದು, ಆ ಸಾಕ್ಷಿ ನಾನೇ ಆಗಿದ್ದರೆ ಇನ್ನೂ ನಂಬಬಾರದು. ಹಾಗಾಗಿ ಈ ಅಧ್ಯಾಯದಲ್ಲಿ ಬರುವ ಪ್ರಾಣಿ ನನ್ನ ಪಾಲಿಗೆ ಎಮ್ಮೆ. ಓದುವವರು ಬೇಕಾದರೆ ಅಕ್ಕನ ಕಡೆಗೆ ಸೇರಬಹುದು. ಅದು ಎದ್ದು ನಿಂತದ್ದನ್ನು ಮಾತ್ರ ನಾವಿಬ್ಬರೂ ಕಂಡಿದ್ದೇವೆ.

ಮನೆಯ ಬಗ್ಗೆ ನಮಗೆ ಜಗಳವಿಲ್ಲ. ದೊಡ್ಡ ಬಾಗಿಲು ದಾಟಿ ಒಳಗೆ ಬಂದರೆ ಮೊದಲು ಸಿಗುತ್ತಿದ್ದದ್ದು ದನದ ಜಾಗ, ಫರಸಿ ಕಲ್ಲು ಹಾಸಿದ ತಗ್ಗು. ಅದರಾಚೆ ನನ್ನ ಸೊಂಟದೆತ್ತರಕ್ಕೆ ಪಡಸಾಲೆ. ಮನುಷ್ಯರೂ ದನಗಳೂ ಒಂದೇ ಮಾಳಿಗೆಯ ಕೆಳಗೆ. ನಡುವೆ ಗೋಡೆ ಇರಲಿಲ್ಲ, ಆ ಎತ್ತರ ಒಂದೇ ಇತ್ತು. ಪಡಸಾಲೆಯಲ್ಲಿ ಕುಳಿತು ಉಣ್ಣುವಾಗ ಎದುರಿಗೆ ಎಮ್ಮೆ ಮೆಲುಕು ಹಾಕುತ್ತಿತ್ತು. ಅದು ನಮ್ಮನ್ನು ನೋಡುತ್ತಿತ್ತು, ನಾವು ಅದನ್ನು ನೋಡುತ್ತಿದ್ದೆವು. ಪಡಸಾಲೆಯ ಕಂಬಗಳು ಎಣ್ಣೆ ಮತ್ತು ಬೆನ್ನು ತಾಗಿ ತಾಗಿ ನುಣುಪಾಗಿದ್ದವು. ಆಯಿ, ಅಂದರೆ ಅಪ್ಪನ ತಾಯಿ, ಅಂಚಿನ ಕಂಬಕ್ಕೆ ಒರಗಿ ಕೂರುತ್ತಿದ್ದಳು. ಆ ಕಂಬದ ಗೂಟಕ್ಕೆ ಬೀಗದ ಕೈಗಳ ಒಂದು ದೊಡ್ಡ ಗೊಂಚಲು ನೇತಾಡುತ್ತಿತ್ತು. ಅವು ನಮ್ಮ ಬೀಗದ ಕೈಗಳಲ್ಲ, ಓಣಿಯವು.

ಅದು ಮಳೆ ಕೈಕೊಟ್ಟ ವರ್ಷಗಳ ಮಾತು. ಒಂದು ವರ್ಷವೋ, ಬೆನ್ನಿಗೆ ಬೆನ್ನು ಹತ್ತಿದ ಎರಡು ವರ್ಷಗಳೋ ಎಂಬುದು ನನಗೆ ಖಚಿತವಿಲ್ಲ. ಮಗುವಿಗೆ ಎರಡು ಬೇಸಿಗೆಗಳ ನಡುವೆ ಮಳೆ ಬಾರದಿದ್ದರೆ ಅದು ಒಂದೇ ಉದ್ದನೆಯ ಬೇಸಿಗೆ. ಓಣಿಯವರು ಗಂಟು ಕಟ್ಟಿಕೊಂಡು ಸ್ಟೇಶನ್ನಿಗೆ ನಡೆದರು. ಕೆಲವರು ಹೈದರಾಬಾದಿಗೆ, ಕೆಲವರು ಮುಂಬಯಿಗೆ. ಹೋಗುವ ಮುಂಚೆ ಪ್ರತಿ ಮನೆಯ ಹೆಂಗಸು ಬಂದು ಬೀಗದ ಕೈಯನ್ನು ಆಯಿಯ ಕೈಗಿಟ್ಟು ಪಾದ ಮುಟ್ಟುತ್ತಿದ್ದಳು. ಮುಚ್ಚಿದ ಮನೆಯಲ್ಲಿ ದೀಪ ಕಾಣದಿದ್ದರೆ ಆ ಮನೆ ಮುನಿಸಿಕೊಳ್ಳುತ್ತದೆ ಎಂಬುದು ಆಯಿಯ ನಂಬಿಕೆ. ಅದಕ್ಕಾಗಿ ಸೋಮವಾರಕ್ಕೊಮ್ಮೆ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿ ಮನೆಯಿಂದ ಮನೆಗೆ ಹೋಗಿ ಕಸ ಹೊಡೆದು, ದೀಪ ಹಚ್ಚಿ, ಅದು ಆರುವ ತನಕ ಕಾದು, ಬೀಗ ಹಾಕಿ ಬರುತ್ತಿದ್ದಳು. ಓಣಿಯಲ್ಲಿ ಉಳಿದವರು ನಾವು ಮತ್ತು ತುದಿಯ ಮನೆಯ ಚಂದ್ರಭಾಗಾ. ಅವಳೂ ನನ್ನ ಅವ್ವನೂ ಬೆಳಗಾಗುತ್ತಲೇ ಬರಗಾಲದ ಕೆಲಸಕ್ಕೆ, ಅಂದರೆ ರಸ್ತೆಗೆ ಕಲ್ಲು ಒಡೆಯಲು ಹೋಗುತ್ತಿದ್ದರು. ಅಪ್ಪ ಬೀದರಿನ ಗಾಂಧಿ ಗಂಜಿನಲ್ಲಿ, ಅಂದರೆ ಕಾಳುಕಡಿಯ ಪೇಟೆಯಲ್ಲಿ, ಒಬ್ಬ ಅಡತ್ ವ್ಯಾಪಾರಿಯ ಅಂಗಡಿಯಲ್ಲಿ ಲೆಕ್ಕ ಬರೆಯುವ ಮುನೀಮ. ಬಿಡುವು ಸಿಕ್ಕಾಗ ರೈಲು ಹತ್ತಿ ಬರುತ್ತಿದ್ದ.

ಅಂಥ ಒಂದು ಸೋಮವಾರ ಆಯಿ ಎದುರಿನ ಮನೆಯ ಒಳ ಅಂಗಳದಲ್ಲಿ ಬಿದ್ದಳು. ಕಾಲಿಗೆ ಏನು ತೊಡರಿತೆಂದು ಅವಳಿಗೂ ತಿಳಿಯಲಿಲ್ಲ. ಚಿಲಕ ಹಾಕದೆ ಬಾಗಿಲನ್ನು ಒಳಗಿನಿಂದ ಮುಂದೆ ಮಾಡಿದ್ದಳು, ನಾಯಿ ಬಾರದಿರಲಿ ಎಂದು. ನಾವು ಸಾಲೆಯಿಂದ ಬಂದಾಗ ಮನೆಯಲ್ಲಿ ಅವಳಿಲ್ಲ, ಹಿತ್ತಲಲ್ಲಿ ಇಲ್ಲ, ಬಾವಿಯ ಹತ್ತಿರವೂ ಇಲ್ಲ. ಕೊನೆಗೆ ಎಲ್ಲಿಂದಲೋ ಬೀಗದ ಕೈಗಳ ಸದ್ದು ಕೇಳಿಸಿತು. ಬಿದ್ದಲ್ಲಿಂದಲೇ ಆಯಿ ಆ ಗೊಂಚಲನ್ನು ಅಲ್ಲಾಡಿಸುತ್ತಿದ್ದಳು. ಸದ್ದನ್ನು ಮೊದಲು ಕೇಳಿದವನು ನಾನು ಎಂಬ ನೆನಪು ನನಗಿದೆ. ಅಕ್ಕನ ಪ್ರಕಾರ ಕೇಳಿದವಳು ಅವಳು, ನಾನು ಆಗ ಡಬ್ಬಿಯೊಳಗೆ ಕೈ ಹಾಕಿ ಶೇಂಗಾ ಹಿಂಡಿ ನೆಕ್ಕುತ್ತಿದ್ದೆ. ಇದ್ದರೂ ಇರಬಹುದು. ಬಾಗಿಲು ತಳ್ಳಿದಾಗ ಆಯಿಯ ಗಂಟಲು ಒಣಗಿ ಮಾತು ಹೊರಡುತ್ತಿರಲಿಲ್ಲ. ಸಂಜೆ ಅವಳು ಅವ್ವನಿಗೆ ಹೇಳಿದಳು:

"ಎಲ್ಲರ ಹೆಸರಾ ಹಿಡದು ಕರದೆ ಶಾಂತಾ. ಎಡಕಿನ ಮನಿಯವರಿಗಿ ಕರದೆ, ಬಲಕಿನ ಮನಿಯವರಿಗಿ ಕರದೆ. ಅವರೆಲ್ಲರ ಕೀಲಿಕೈ ನನ್ನ ಸೊಂಟದಾಗೇ ಇದ್ವು ನೋಡು. ಖರೆ ಕರದೆ."

ಎಲುಬು ಮುರಿದಿರಲಿಲ್ಲ. ಎಲುಬು ಕೂಡಿಸುವ ಅಜ್ಜ ಬಂದು ಕಾಲನ್ನು ಎಳೆದು, ಮಡಚಿ, ತಿರುಗಿಸಿ ನೋಡಿ, ಮುದುಕಿ ಇನ್ನೂ ಗಟ್ಟಿ ಅದ ಎಂದು ಚಹಾ ಕುಡಿದು ಹೋದ. ಅರಿಶಿನದ ಪಟ್ಟು ಹಾಕಿದರು, ಊತ ಇಳಿಯಿತು. ಆದರೆ ಆಯಿ ಏಳಲಿಲ್ಲ. ಎದ್ದರೂ ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ, ಕೊನೆಯ ಕಂಬದಿಂದ ಗೋಡೆಗೆ. ಗೋಡೆಗೂ ಹಿತ್ತಲ ಬಾಗಿಲಿಗೂ ನಡುವೆ ಹಿಡಿಯಲು ಏನೂ ಇಲ್ಲದ ಒಂದು ಬಯಲು ಇತ್ತು. ಬಯಲೆಂದರೆ ಅವ್ವ ಸೀರೆಯ ಸೆರಗು ಹಾಸಿದರೆ ಮುಚ್ಚಿಹೋಗುವಷ್ಟು. ಅಲ್ಲಿ ಬಂದು ಆಯಿ ನಿಂತುಬಿಡುತ್ತಿದ್ದಳು, ಹಳ್ಳದ ದಡದಲ್ಲಿ ನಿಂತವರ ಹಾಗೆ. ಅವ್ವ ಹಳೆಯ ಸೀರೆ ಹರಿದು ಹೆಣೆದು ಕಂಬದಿಂದ ಬಾಗಿಲಿಗೆ ಹಗ್ಗ ಕಟ್ಟಿದಳು. ನೆಲ ಜಾರೀತೆಂದು ಸಗಣಿ ಸಾರಿಸುವುದನ್ನು ಬಿಟ್ಟಳು; ಮನೆಯೆಲ್ಲ ಧೂಳಾಗಿ, ಅದಕ್ಕೂ ಜಗಳವಾಯಿತು. ಆಯಿ ಕೈಯೂರಿದರೆ ಸಾಕು, ನಾವು ಮೂವರೂ ಒಂದೇ ದನಿಯಲ್ಲಿ ಕೂಗುತ್ತಿದ್ದೆವು: ಕೂಡ್ರಿ, ಬೀಳ್ತೀರಿ. ನಮ್ಮದು ಪ್ರೀತಿ ಎಂದೇ ನಾವು ತಿಳಿದಿದ್ದೆವು. ಅಂಜಿಕೆಯನ್ನು ಹೀಗೂ ಊಡಿಸಬಹುದೆಂದು ಯಾರಿಗೂ ಹೊಳೆಯಲಿಲ್ಲ.

ಇನ್ನೊಂದು ತಪ್ಪು ಮಾಡಿದೆವು, ಅದು ಬರಗಾಲದ ಊರಿನವರು ಮಾತ್ರ ಮಾಡಬಹುದಾದ ತಪ್ಪು. ಆಯಿ ನೀರು ಕುಡಿಯುವುದನ್ನು ಕಡಿಮೆ ಮಾಡಿದಳು. ಬೆಳಗಿನ ಚಹಾ ಬಿಟ್ಟಳು. ಅಂಬಲಿಯ ಬಟ್ಟಲನ್ನು ಅರ್ಧಕ್ಕೇ ಸರಿಸಿ ಒಣ ರೊಟ್ಟಿ ಮುರಿದು ಬಾಯಿಗಿಡುತ್ತಿದ್ದಳು. ಅದೂ ರೇಷನ್ನಿನ ಕೆಂಪು ಜೋಳದ ರೊಟ್ಟಿ, ನೀರಿಲ್ಲದೆ ಗಂಟಲಲ್ಲಿ ಇಳಿಯದ್ದು. ಬಾವಿಯ ತಳದಲ್ಲಿ ಕೆಸರು ಕಾಣುತ್ತಿದ್ದ ದಿನಗಳವು. ಒಂದು ಕೊಡಕ್ಕಾಗಿ ಅವ್ವ ಗಂಟೆಗಟ್ಟಲೆ ಪಾಳಿ ಹಚ್ಚುತ್ತಿದ್ದಳು. ಆಯಿಯ ತ್ಯಾಗವನ್ನು ಅವ್ವ ಚಂದ್ರಭಾಗಾಳ ಮುಂದೆ ಹೊಗಳಿದಳು, ಅಪ್ಪ ಬಂದಾಗ ಅಪ್ಪನ ಮುಂದೆಯೂ ಹೊಗಳಿದಳು. ನೀರು ಕುಡಿದರೆ ಹಿತ್ತಲಿಗೆ ಹೋಗಬೇಕು, ಹಿತ್ತಲಿಗೆ ಹೋಗಬೇಕೆಂದರೆ ಆ ಬಯಲು ದಾಟಬೇಕು. ವಿಷಯ ಅಷ್ಟೇ ಇತ್ತು. ಅವಳ ಹೆದರಿಕೆ ನಮಗೆ ಉಳಿತಾಯವಾಗಿ ಕಂಡಿತು.

ಅಪ್ಪ ಒಂದು ಸಲ ಬಂದವನು ಕೈಕಾಲು ತೊಳೆಯದೆಯೇ ಮಾತು ತೆಗೆದ. ಗಂಜಿನಲ್ಲಿ ಮಾಲಕರ ಗೋದಾಮಿನ ಮೇಲೆ ಒಂದು ಖೋಲಿ ಖಾಲಿ ಆಗಿದೆ, ಅಲ್ಲಿ ನಳ ಬರುತ್ತದೆ, ಎಲ್ಲರೂ ಬೀದರಿಗೆ ಹೋಗೋಣ ಎಂದ. ಅವ್ವನ ಮುಖ ಅರಳಿತು. ಆಮೇಲೆ ಅಪ್ಪ ಆಯಿಯ ಕಡೆ ನೋಡದೆ ಹೇಳಿದ:

"ಆದ್ರ ಮೆಟ್ಲ ಕಲ್ಲಿನವು ಅವ. ಕಡಿದು. ಹಿಡ್ಯಾಕ ಕಟಾಂಜನ ಇಲ್ಲ. ಅವ್ವಗ ಆಗಲ್ಲ. ಔರಾದಕ್ಕ ಸಂಗಮ್ಮ ಚಿಗವ್ವನ ಮನ್ಯಾಗ ಬಿಡ್ತೇನಿ. ಅಲ್ಲಿ ಮೆಟ್ಲೇ ಇಲ್ಲ. ಮಳಿ ಆದ ಮ್ಯಾಲ ಕರ್ಕೊಂಡು ಬರಮಿ."

"ಮಳಿ ಯಾವಾಗ ಆಗ್ತದಪಾ?" ಎಂದಳು ಆಯಿ.

"ಆಗ್ತದ ಬಿಡವಾ."

"ಆಗಲ್ಲಂದ್ರ?"

ಅಪ್ಪ ಕೈಕಾಲು ತೊಳೆಯಲು ಹಿತ್ತಲಿಗೆ ಹೋದ. ಸಂಗಮ್ಮ ಆಯಿಯ ತಂಗಿ, ಒಳ್ಳೆಯವಳೇ. ಆದರೆ ಔರಾದಕ್ಕೆ ರೈಲಿಲ್ಲ. ಬೀದರಿನಿಂದ ಬಸ್ಸು ಹಿಡಿದು ಅಪ್ಪ ಎಷ್ಟು ಸಲ ಬಂದಾನು ಎಂಬುದು ಆಯಿಗೆ ಗೊತ್ತಿತ್ತು. ಮಗನ ಮನೆ ಇರುವಾಗ ತಂಗಿಯ ಮನೆಯ ಮೂಲೆಯಲ್ಲಿ ಹಾಸಿಗೆ ಹಾಸಿಸಿಕೊಂಡು ಬಿದ್ದಿರುವುದು ಅವಳಿಗೆ ಸಾವಿಗಿಂತ ಕಡೆ ಎಂದು ನಾನು ಬರೆಯಬಹುದು. ಆದರೆ ಅವಳು ಹಾಗೆ ಹೇಳಿದ್ದನ್ನು ನಾನು ಕೇಳಿಲ್ಲ. ಕೇಳಿದ್ದು ಇಷ್ಟು: ಅಪ್ಪ ಹೋದ ಮೇಲೆ ಅವ್ವ, ನೀವು ಜರಾ ಧೈರ್ಯ ಮಾಡಿದ್ರ ಆಗ್ತಿತ್ತಲ್ರಿ ಅತ್ತಿ, ಬೀಳೋದಕ್ಕ ಎಷ್ಟ ಅಂಜ್ತೀರಿ ಎಂದು ರೇಗಿದಾಗ, ಆಯಿ ತಲೆ ಎತ್ತಿ ಅವಳನ್ನು ನೋಡಿದಳು.

"ಬೀಳೋದಕ್ಕ ಯಾರ ಅಂಜ್ತಾರ ಶಾಂತಾ? ಸಣ್ಣಾಕಿ ಇದ್ದಾಗಿಂದ ಬಿದ್ದೀನಿ. ಬಿದ್ದಲ್ಲೇ ಇರೋದಕ್ಕ ಅಂಜ್ತೇನಿ. ಕೂಗಿದ್ರ ಯಾರೂ ಓ ಅನ್ನಂಗಿಲ್ಲ ನೋಡು, ಅದಕ್ಕ."

ಈ ಮಾತನ್ನು ನಾನು ಬಹಳ ಅನುಮಾನಿಸಿದ್ದೇನೆ. ಓದಿದವನ ಬಾಯಲ್ಲಿ ಬರುವ ಹಾಗೆ ಅದು ತೀರಾ ನಯವಾಗಿದೆ. ಆಮೇಲೆ ನಾನೇ ಕೆತ್ತಿ ಅವಳ ಬಾಯಿಗೆ ಇಟ್ಟಿರಬಹುದು. ಅಕ್ಕನನ್ನು ಕೇಳಿದೆ. ಮಾತು ನೆನಪಿಲ್ಲ, ಅವ್ವ ಆವತ್ತು ರೊಟ್ಟಿ ಬಡಿಯುವುದನ್ನು ಅರ್ಧಕ್ಕೆ ಬಿಟ್ಟು ಹಂಚಿನ ಮೇಲೆ ರೊಟ್ಟಿ ಸುಟ್ಟು ಕರಕಾಗಿದ್ದು ನೆನಪಿದೆ ಎಂದಳು. ಹಾಗಾದರೆ ಆಯಿ ಏನೋ ಹೇಳಿದ್ದಳು. ಜೋಳ ಅಷ್ಟು ತುಟ್ಟಿಯಿದ್ದ ಕಾಲದಲ್ಲಿ ನನ್ನ ಅವ್ವ ಸುಮ್ಮನೆ ರೊಟ್ಟಿ ಸುಡುವವಳಲ್ಲ.

ಅದಾದ ಕೆಲವು ದಿನಗಳಿಗೆ ಎಮ್ಮೆ ಬಿತ್ತು. ಮೇವಿಲ್ಲದೆ ಸೊರಗಿದ ದನ ಒಂದು ಬೆಳಿಗ್ಗೆ ಮಲಗಿದಲ್ಲಿಂದ ಏಳುವುದಿಲ್ಲ. ಆ ವರ್ಷ ಊರಿನಲ್ಲಿ ಅದು ಹೊಸದೇನೂ ಆಗಿರಲಿಲ್ಲ. ಗಂಡಸರಿದ್ದ ಮನೆಗಳಲ್ಲಿ ದಿನ ಬೆಳಗಾದರೆ ಹೊಟ್ಟೆಯ ಕೆಳಗೆ ಬಡಿಗೆ ತೂರಿಸಿ, ಇಬ್ಬರು ಆ ಕಡೆ ಇಬ್ಬರು ಈ ಕಡೆ ಹಿಡಿದು ಎತ್ತಿ ನಿಲ್ಲಿಸುತ್ತಿದ್ದರು. ಎತ್ತುವವರಿಲ್ಲದ ದನ ಸಂಜೆಗೆ ಕತ್ತು ಚಾಚುತ್ತಿತ್ತು. ನಮ್ಮ ಓಣಿಯಲ್ಲಿ ಗಂಡಸರೇ ಇರಲಿಲ್ಲ. ಅವ್ವ ಚಂದ್ರಭಾಗಾಳನ್ನು ಕರೆತಂದಳು. ಅವ್ವ ಕೊಂಬು ಹಿಡಿದಳು, ಚಂದ್ರಭಾಗಾ ಬಾಲ ಹಿಡಿದಳು, ಅಕ್ಕನೂ ನಾನೂ ಬಡಿಗೆಯ ಎರಡು ತುದಿಗೆ. ಎಮ್ಮೆ ಮುಂಗಾಲು ಚಾಚಿ ಒದ್ದಾಡಿತು, ಗೊರಸು ಫರಸಿಯ ಮೇಲೆ ಜಾರಿ ಮತ್ತೆ ಹೊಟ್ಟೆಯ ಮೇಲೆ ಕುಸಿಯಿತು. ಅವ್ವ ಕೊಂಬನ್ನು ಇನ್ನೂ ಜೋರಾಗಿ ಎಳೆದಳು.

"ಎಳೀಬ್ಯಾಡ ಶಾಂತಾ, ಬಿಡು ಅದಕ್ಕ," ಎಂದಳು ಆಯಿ ಪಡಸಾಲೆಯ ಅಂಚಿನಿಂದ.

"ಬಿಟ್ರ ಸಾಯ್ತದ್ರಿ ಅತ್ತಿ."

"ನೀ ಎಳದ್ರ ಸಾಯ್ತದ. ದಿನಾ ಕುಂತು ಅದನ್ನೇ ನೋಡೀನಿ ನಾ, ಮತ್ತೇನ್ ಕೆಲಸ ಅದ ನನಗ? ಮುಂದಿನ ಕಾಲಿಂದ ಅದು ಏಳಂಗಿಲ್ಲ. ಮೊಣಕಾಲ ಊರ್ತದ, ಮೊದಲ ಹಿಂದ ಎತ್ತತದ. ಆಮ್ಯಾಲ ಮುಂದಿಂದು. ನೀ ಮಾರಿ ಹಿಡದು ಮ್ಯಾಲ ಜಗ್ಗಿದ್ರ ಅದು ಕುಂಡಿ ಹ್ಯಾಂಗ ಎತ್ತಬೇಕು?"

ಚಂದ್ರಭಾಗಾ ನಕ್ಕಳು. ಆಯಿ ಹೇಳುತ್ತ ಹೋದಳು, ಇವರು ಮಾಡುತ್ತ ಹೋದರು. ಕಲ್ಲಿನ ಮೇಲೆ ಬೂದಿ ಮತ್ತು ಮಣ್ಣು ಚೆಲ್ಲಿ, ಮೇಲೆ ಹಳೆಯ ಗೋಣಿ ಹಾಸಿದರು. ಎಮ್ಮೆಯನ್ನು ಒಂದು ಮಗ್ಗುಲಿಂದ ಹೊರಳಿಸಿ ಕಾಲುಗಳನ್ನು ಹೊಟ್ಟೆಯ ಕೆಳಗೆ ಮಡಚಿದರು. ಅಂಬಲಿಯ ಬಟ್ಟಲು ಬಾಯಿಗೆ ಹಿಡಿದರು. ಅದು ಆಯಿಯ ಪಾಲಿನ ಅಂಬಲಿಯೇ. ಸ್ವಲ್ಪ ಹೊತ್ತು ಬಿಟ್ಟರು. ಆಮೇಲೆ ಬಡಿಗೆಯನ್ನು ಹೊಟ್ಟೆಗಲ್ಲ, ಹಿಂದೊಡೆಗೆ ಕೊಟ್ಟರು. ಎಮ್ಮೆ ಮೊಣಕಾಲು ಊರಿ ಒಂದು ಸಲ ಉಸಿರು ಬಿಟ್ಟಿತು. ಹಿಂಭಾಗ ಮೇಲೆದ್ದಿತು, ಪೂಜೆಗೆ ಬಗ್ಗಿದವರ ಹಾಗೆ ಆ ಭಂಗಿಯಲ್ಲೇ ಒಂದು ಗಳಿಗೆ ನಿಂತಿತು, ಮತ್ತೆ ಒಂದೊಂದಾಗಿ ಮುಂಗಾಲುಗಳನ್ನು ನೆಟ್ಟಿತು. ಅದು ನಿಂತಿತ್ತು. ಕಾಲು ನಡುಗುತ್ತಿದ್ದವು, ಆದರೂ ನಿಂತಿತ್ತು. ಅವ್ವ ಸೆರಗಿನಿಂದ ಅದರ ಮುಖ ಒರೆಸಿ ತನ್ನ ಮುಖವನ್ನೂ ಒರೆಸಿಕೊಂಡಳು.

ಮರುದಿನ ಬೆಳಿಗ್ಗೆ ಅವ್ವ ಕೆಲಸಕ್ಕೆ ಹೊರಟಾಗ ಆಯಿ ತಡೆದಳು. ಬಾಗಿಲು ಹಾಕಿಸಿದಳು. ಕಳೆ ತೆಗೆಯಲು ಹೊಲಕ್ಕೆ ಹೊರಟವರ ಹಾಗೆ ಸೀರೆ ಎತ್ತಿ ಕಚ್ಚೆ ಕಟ್ಟಿದಳು. ಪಡಸಾಲೆಯ ನಡುವೆ, ಯಾವ ಕಂಬವೂ ಕೈಗೆಟುಕದ ಕಡೆ, ಗೋಣಿ ಹಾಸಿಸಿ ಅದರ ಮೇಲೆ ಅಂಗಾತ ಮಲಗಿದಳು.

"ಈಗ ನಾ ಬಿದ್ದೀನಿ," ಎಂದಳು.

"ಇದೇನ್ರಿ ಅತ್ತಿ?"

"ಬಿದ್ದೀನಿ ಅಂದ್ನಲ್ಲ. ಯಾರೂ ಮುಟ್ಟಬ್ಯಾಡ್ರಿ."

ಅವಳು ಮಗ್ಗುಲಿಗೆ ಹೊರಳಿದಳು. ಮೊಣಕೈ ಊರಿದಳು. ಮೊಣಕಾಲುಗಳನ್ನು ಎಳೆದುಕೊಳ್ಳುವಾಗ ಕೈ ಸೋತು ಮುಖ ಅಡಿಯಾಗಿ ಬಿದ್ದಳು. ಅವ್ವ ಓಡಿದಳು.

"ಮುಟ್ಟಬ್ಯಾಡ ಅಂದೀನಿ ನಿನಗ."

ಅವ್ವ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. ಅತ್ತೆಯ ಮುಂದೆ ಆ ಕೈಗಳು ಖಾಲಿ ಇದ್ದದ್ದನ್ನು ನಾನು ಎಂದೂ ನೋಡಿರಲಿಲ್ಲ. ಈಗ ಏನೂ ಮಾಡದೆ ಇರುವುದೇ ಅವಕ್ಕೆ ದೊಡ್ಡ ಕೆಲಸವಾಗಿತ್ತು. ಆಯಿ ಮತ್ತೆ ಹೊರಳಿದಳು, ಮತ್ತೆ ಸೋತಳು. ಗೋಣಿಯ ನಾರು ಅವಳ ಕೆನ್ನೆಗೆ ಅಂಟಿತ್ತು. ಕೆಳಗೆ ತಗ್ಗಿನಲ್ಲಿ ಎಮ್ಮೆ ನಮ್ಮನ್ನೇ ನೋಡುತ್ತಿತ್ತು. ಆ ದಿನ ಆಗಲಿಲ್ಲ. ಮರುದಿನ ಮಂಡಿಯವರೆಗೆ ಬಂದಳು. ಅಲ್ಲಿಗೇ ನಿಂತು ಏದುಸಿರು ಬಿಡುತ್ತ, ಎಮ್ಮಿಗಿ ನಾಕ ಕಾಲ ಅವ, ನನಗ ಎರಡೇ ಕೊಟ್ಟಾನ ನೋಡು ಎಂದು ಬೈದಳು. ಮತ್ತೂ ಒಂದು ಬೆಳಿಗ್ಗೆ ಅಂಗೈ ಊರಿ, ಮಂಡಿ ಊರಿ, ಹಿಂಭಾಗವನ್ನು ಮೊದಲು ಮೇಲೆತ್ತಿದಳು. ಕೈಗಳನ್ನು ಮುಂದಿನಿಂದ ಹಿಂದೆ ತನ್ನ ಪಾದದತ್ತ ತಂದಳು, ಅಲ್ಲಿಂದ ಮೊಣಕಾಲಿಗೆ, ಅಲ್ಲಿಂದ ತೊಡೆಗೆ. ನೆಟ್ಟಗಾದಳು. ಅವಳ ಸುತ್ತ ಹಿಡಿಯಲು ಏನೂ ಇರಲಿಲ್ಲ. ಹಾಗೆ ಬಯಲಿನಲ್ಲಿ ನಿಂತ ಆಯಿಯನ್ನು ನಾವು ಬಹಳ ದಿನಗಳಿಂದ ನೋಡಿರಲಿಲ್ಲ, ನೋಡಿದಾಗ ಅವಳು ಇಷ್ಟು ಎತ್ತರದ ಹೆಂಗಸು ಎಂಬುದು ಮರೆತೇ ಹೋಗಿತ್ತು ಎಂದು ತಿಳಿಯಿತು.

"ಶಾಂತಾ, ನೀರ ಕೊಡು," ಎಂದಳು. "ಚೆರಗಿ ತುಂಬ ಕೊಡು."

ಅವ್ವ ತುಂಬಿದ ತಂಬಿಗೆ ತಂದುಕೊಟ್ಟಳು. ಆಯಿ ನಿಂತೇ ಕುಡಿದಳು, ಗಟಗಟ ಸದ್ದು ನಮಗೆ ಕೇಳುವ ಹಾಗೆ. ಆಯಿ ಇಷ್ಟು ದಿನ ನೀರು ಬಿಟ್ಟದ್ದೇಕೆಂದು ಅವ್ವನಿಗೆ ಆಗಲೇ ತಿಳಿದಿರಬೇಕು. ಹೋಗಿ ಕಂಬಕ್ಕೆ ಕಟ್ಟಿದ್ದ ಸೀರೆಯ ಹಗ್ಗ ಬಿಚ್ಚಿ, ಅದನ್ನು ಒಲೆಯ ಮಸಿ ಒರೆಸಲು ಇಟ್ಟುಕೊಂಡಳು. ಸಂಜೆ ಪಡಸಾಲೆಯನ್ನು ಸಗಣಿಯಿಂದ ಸಾರಿಸಿದಳು.

ಊರು ಬಿಡುವ ಹೊತ್ತಿಗೆ ಆಯಿ ಬೀಳುವುದನ್ನೇ ಒಂದು ಕಸುಬು ಮಾಡಿಕೊಂಡಿದ್ದಳು. ಗೋಡೆಯ ಪಕ್ಕ ಬಿದ್ದು ಎದ್ದಳು, ಹಿತ್ತಲಲ್ಲಿ ಬಿದ್ದು ಎದ್ದಳು, ಎದುರು ಮನೆಯ ಬಾಗಿಲು ತೆಗೆಸಿ ಹಿಂದೆ ಬಿದ್ದ ಜಾಗದಲ್ಲೇ ಬೇಕೆಂದು ಮಲಗಿ ಎದ್ದು ಬಂದಳು. ಎಮ್ಮೆಯನ್ನು ಸೋದರಮಾವ ಬಂದು ತನ್ನ ಊರಿಗೆ ಹೊಡೆದುಕೊಂಡು ಹೋದ. ಅಲ್ಲಿ ಹಳ್ಳದಲ್ಲಿ ಇನ್ನೂ ಸ್ವಲ್ಪ ಹಸಿರಿತ್ತು. ಅದು ತನ್ನ ಕಾಲಿನ ಮೇಲೇ ನಡೆದುಹೋಯಿತು. ಬೀಗದ ಕೈಗಳ ಗೊಂಚಲು ಚಂದ್ರಭಾಗಾಳಿಗೆ ಹೋಯಿತು. ಹಲಬರ್ಗಾ ಸ್ಟೇಶನ್ನಿನ ಕಟ್ಟೆ ತಗ್ಗು, ರೈಲಿನ ಮೆಟ್ಟಿಲು ಎತ್ತರ. ಅಪ್ಪ ಆಯಿಯನ್ನು ಎತ್ತಿಕೊಳ್ಳಲು ಕೈ ಚಾಚುವಷ್ಟರಲ್ಲಿ ಅವಳು ಮಂಡಿಯೂರಿ ಡಬ್ಬಿಯೊಳಗೆ ಹೋಗಿ ಕಿಟಕಿಯ ಜಾಗ ಹಿಡಿದಿದ್ದಳು. ಅಪ್ಪನಿಗೆ ಇನ್ನೂ ನಂಬಿಕೆ ಇರಲಿಲ್ಲ. ಬೀದರಿನಲ್ಲಿ ಒಂದು ರಾತ್ರಿ ಕಳೆದು ಔರಾದದ ಬಸ್ಸು ಹಿಡಿಯುವುದು ಅವನ ಲೆಕ್ಕ. ಸಂಗಮ್ಮನ ಮನೆಗೆ ಹೇಳಿಯೂ ಕಳಿಸಿದ್ದ.

ಗಾಂಧಿ ಗಂಜು ಆಗ ಅರ್ಧ ಮಲಗಿತ್ತು. ತೊಗರಿ, ಹೆಸರು, ಉದ್ದು ಬರಬೇಕಾದ ಕಾಲದಲ್ಲಿ ಲಾರಿಗಳು ಖಾಲಿ ನಿಂತಿದ್ದವು, ಹಮಾಲರು ಕೈಗಾಡಿಗಳ ಮೇಲೆ ಕೂತು ಬೀಡಿ ಸೇದುತ್ತಿದ್ದರು. ಗೋದಾಮಿನ ಪಕ್ಕದಲ್ಲಿ ಆ ಮೆಟ್ಟಿಲುಗಳು. ಚೀಲ ಹೊತ್ತವರ ಪಾದ ತಾಗಿ ನಡುವೆ ಸವೆದು, ನುಣುಪಾಗಿ, ಒಂದು ಕಡೆ ಗೋಡೆ, ಇನ್ನೊಂದು ಕಡೆ ಏನೂ ಇಲ್ಲ. ಅವು ನನ್ನ ನೆನಪಿನಲ್ಲಿ ಬೀದರಿನ ಕೋಟೆಯಷ್ಟು ಎತ್ತರ. ದೊಡ್ಡವನಾದ ಮೇಲೆ ಹೋಗಿ ನೋಡಿದೆ, ಸಾಧಾರಣ ಮೆಟ್ಟಿಲುಗಳು. ಇದನ್ನು ಪ್ರಾಮಾಣಿಕವಾಗಿ ಹೇಳಿಬಿಡಬೇಕು. ಆದರೆ ಅವುಗಳನ್ನು ಹತ್ತಿದವಳಿಗೆ ಅವು ಯಾವ ಎತ್ತರ ಕಂಡವೋ ಅದೇ ಆ ದಿನದ ಎತ್ತರ.

"ಅವ್ವಾ, ಹಮಾಲರಿಗಿ ಹೇಳ್ತೇನಿ. ಖುರ್ಚಿ ಮ್ಯಾಲ ಕೂಡ್ಸಿ ಎತ್ತತಾರ," ಎಂದ ಅಪ್ಪ.

"ನಾ ಏನ್ ತೊಗರಿ ಚೀಲ ಏನೋ?"

ಅವಳು ಗೋಡೆಯ ಕಡೆ ಸರಿದು ಹತ್ತತೊಡಗಿದಳು. ಅಪ್ಪ ಹಿಂದೆ, ಎರಡೂ ಕೈ ಚಾಚಿಕೊಂಡು. ಅವ್ವ ಅವನ ಹಿಂದೆ, ಅವನ ಅಂಗಿ ಹಿಡಿದುಕೊಂಡು. ಹಮಾಲರು ಬೀಡಿ ಕೆಳಗಿಟ್ಟು ನೋಡಿದರು. ಅರ್ಧಕ್ಕಿಂತ ಮೇಲೆ ಹೋಗಿದ್ದಳು, ಸವೆದ ಕಲ್ಲಿನ ಮೇಲೆ ಪಾದ ಜಾರಿತು. ಕುಕ್ಕರಿಸಿ ಬಿದ್ದಳು. ಕೆಳಗಿನಿಂದ ಯಾರೋ ಯಾ ಅಲ್ಲಾ ಎಂದರು. ಅಪ್ಪ ಹಾರಿ ಅವಳ ರಟ್ಟೆ ಹಿಡಿದ.

"ಬಿಡು."

"ಅವ್ವಾ, ಕೇಳು, ನಾ ಹೇಳಿದ್ನಿಲ್ಲ..."

"ಶಾಂತಾ, ನಿನ್ನ ಗಂಡಗ ಹೇಳು. ಕೈ ತೆಗಿ ಅನ್ನು."

ಅಲ್ಲಿಯವರೆಗೆ ಯಜಮಾನನ ಮಾತಿಗೆ ಎಂದೂ ಎದುರಾಡದ ನನ್ನ ಅವ್ವ ಎಲ್ಲ ಹಮಾಲರ ಮುಂದೆ ಗಂಡನಿಗೆ ಹೇಳಿದಳು:

"ಕೈ ತೆಗೀರಿ. ಅತ್ತಿಗಿ ಬರ್ತದ."

ಅಪ್ಪ ಕೈ ತೆಗೆದ. ಆಯಿ ಸ್ವಲ್ಪ ಹೊತ್ತು ಕುಳಿತೇ ಇದ್ದಳು. ಕೆಳಗಿನ ಬೀದಿಯನ್ನು, ಎದುರಿನ ಅಂಗಡಿಯ ತಕ್ಕಡಿಯನ್ನು ಆರಾಮವಾಗಿ ನೋಡಿದಳು, ಅಲ್ಲಿಗೇ ಬಂದು ಕೂರಬೇಕೆಂದು ಹೊರಟವರ ಹಾಗೆ. ಆಮೇಲೆ ಗೋಡೆಯ ಕಡೆ ಹೊರಳಿದಳು, ಮೇಲಿನ ಮೆಟ್ಟಿಲಿಗೆ ಅಂಗೈ ಊರಿದಳು, ಮಂಡಿ ಊರಿದಳು, ಇಡೀ ಗಂಜು ನೋಡುತ್ತಿರಲು ಎಮ್ಮೆಯಂತೆ ಹಿಂಭಾಗ ಮೊದಲು ಎತ್ತಿದಳು. ಯಾರೂ ನಗಲಿಲ್ಲ. ಎದ್ದಳು, ಉಳಿದ ಮೆಟ್ಟಿಲು ಹತ್ತಿದಳು, ಮೇಲೆ ನಿಂತು ಸೆರಗು ಸರಿಮಾಡಿಕೊಂಡಳು. ಆಗ ಹಮಾಲರ ನಡುವಿನಿಂದ ಒಂದು ಮುದಿ ದನಿ ಕೂಗಿತು:

"ಆಯಿ, ನಾಳಿಂದ ಹಮಾಲಿಗಿ ಬರ್ತೀ ಏನ್?"

"ಚೀಲ ತುಂಬ್ರಿ ಮೊದಲ," ಎಂದಳು ಆಯಿ ಮೇಲಿನಿಂದ. "ಖಾಲಿ ಚೀಲ ನಾ ಹೊರಂಗಿಲ್ಲ."

ಔರಾದದ ಬಸ್ಸು ಮರುದಿನ ನಮ್ಮನ್ನು ಬಿಟ್ಟು ಹೋಯಿತು.

ಖಾಲಿ ಚೀಲಗಳು ಉಪಯೋಗಕ್ಕೆ ಬಂದವು. ಮಧ್ಯಾಹ್ನ ಗೋದಾಮು ಸುಮ್ಮನಿರುವಾಗ ಆಯಿ ಇಳಿದು ಬಂದು ಚೀಲಗಳ ಮೆತ್ತೆ ಹಾಸಿ ತನ್ನ ಅಭ್ಯಾಸ ಮಾಡುತ್ತಿದ್ದಳು. ಮೊದಲು ಬಂದವಳು ಮಾಲಕರ ತಾಯಿ, ಎರಡು ಮನೆ ಆಚೆ ಮಾಳಿಗೆಯಿಂದ ಇಳಿಯುವುದನ್ನೇ ಬಿಟ್ಟಿದ್ದ ದಪ್ಪನೆಯ ಮುದುಕಿ. ಸೊಸೆಯರಿಬ್ಬರ ಭುಜ ಹಿಡಿದು ಬಂದಳು. ಆಮೇಲೆ ಓಣಿಯ ಇನ್ನೂ ಕೆಲವರು. ನಾನು ಸಾಲೆಯಿಂದ ಬರುವಾಗ ಗೋದಾಮಿನ ಬಾಗಿಲು ಮುಂದೆ ಮಾಡಿರುತ್ತಿತ್ತು, ಒಳಗಿನಿಂದ ಮುದುಕಿಯರ ನಗೆ, ನರಳಾಟ, ಬೈಗುಳ ಕೇಳುತ್ತಿತ್ತು.

"ಬಾಯಾರ, ಬೀಳ್ರಿ ಮೊದಲ."

"ಅಯ್ಯ, ಬಿದ್ರ ಹ್ಯಾಂಗವಾ ನಾ?"

"ಬೀಳಲಾರದೇ ಏಳ್ಲಿಕ್ಕಿ ಹ್ಯಾಂಗ ಬರ್ತದ್ರಿ? ಚೀಲ ಹಾಸೀನಲ್ಲ, ಸಾವಕಾಶ ಬೀಳ್ರಿ. ಸೊಸಿ, ನೀ ಹೊರಗ ಹೋಗು. ನಿನ್ನ ಮಾರಿ ನೋಡಿದ್ರ ಅವರಿಗಿ ಅಂಜಿಕಿ ಬರ್ತದ."

ದಪ್ಪನೆಯ ಮುದುಕಿ ತಿಂಗಳೊಪ್ಪತ್ತಿನಲ್ಲಿ ಒಬ್ಬಳೇ ಬೀದಿ ದಾಟಿ ಚೌಕದ ಗುಡಿಗೆ ಹೋಗಿ ಬಂದಳಂತೆ. ಅವಳ ಮಗ ನಮ್ಮ ಖೋಲಿಗೆ ಪೇಡೆಯ ಡಬ್ಬಿ ಕಳಿಸಿದ. ಪೇಡೆ ನಾನು ತಿಂದಿದ್ದೇನೆ, ಇದಕ್ಕೆ ನನ್ನ ನಾಲಿಗೆಯೇ ಸಾಕ್ಷಿ.

ಮಳೆ ಬಂದ ವರ್ಷ ಆಯಿ ತಾನೇ ಔರಾದದ ಬಸ್ಸು ಹತ್ತಿದಳು, ನನ್ನನ್ನು ಜೊತೆಗೆ ಕರೆದುಕೊಂಡು. ಸಂಗಮ್ಮನ ಮನೆಯಲ್ಲಿ ಒಳಮನೆಯ ಮೂಲೆಗೆ ಒಂದು ಮಂಚ, ಮಂಚದ ಪಕ್ಕ ಹಿಡಿಯಲು ಗೋಡೆಗೆ ಬಡಿದ ಗೂಟ. ಆಯಿಗಾಗಿ ಎಂದು ಸಂಗಮ್ಮ ಅಂದೇ ಸಿದ್ಧಮಾಡಿದ್ದಳಂತೆ. ಈಗ ಅದರಲ್ಲಿ ತಾನೇ ಮಲಗಿದ್ದಳು. ಮಳೆಗೆ ಅಂಗಳ ಕೆಸರಾದಾಗ ಒಮ್ಮೆ ಜಾರಿದ್ದಳಂತೆ, ಆಮೇಲೆ ಹೊರಗೆ ಕಾಲಿಟ್ಟಿರಲಿಲ್ಲ. ಬಾಗಿಲಲ್ಲಿ ಯಾವ ಆಸರೆಯೂ ಇಲ್ಲದೆ ನಿಂತ ಆಯಿಯನ್ನು ಕಂಡು ಅವಳಿಗೆ ಅಳು ಬಂತು.

"ನಿನಗ ಹಾಸಿದ ಹಾಸಿಗಿ ನನ್ನ ಪಾಲಿಗಿ ಬಂತು ನೋಡಕ್ಕಾ."

ಆಯಿ ಅವಳ ಕಣ್ಣು ಒರೆಸಿದಳು. ಚೀಲದಿಂದ ಕೌದಿ ತೆಗೆದು ನೆಲಕ್ಕೆ ಹಾಸಿದಳು. ಸೀರೆಗೆ ಕಚ್ಚೆ ಕಟ್ಟಿದಳು.

"ಇಳಿ ಕೆಳಗ," ಎಂದಳು. "ನಾನೂ ಬೀಳ್ತೇನಿ, ನೀನೂ ಬೀಳು. ಯಾರ ಮೊದಲ ಏಳ್ತಾರ ನೋಡಮಿ."

ಆಯಿ ಆಮೇಲೆಯೂ ಬಿದ್ದಳು. ಬಚ್ಚಲಲ್ಲಿ, ಸಂತೆಯಲ್ಲಿ, ನನ್ನ ಮದುವೆಯ ಮಂಟಪದಲ್ಲಿ ಎಲ್ಲ ಬೀಗರ ಎದುರಿಗೆ. ಪ್ರತಿ ಸಲವೂ ಬಂದವರನ್ನು ಕೈಯಿಂದ ತಡೆದು, ಒಂದಿಷ್ಟು ಕೂತು, ತನ್ನ ರೀತಿಯಲ್ಲಿ ಎದ್ದಳು. ಕೊನೆಗೆ ಹೋದದ್ದು ಹಾಸಿಗೆಯಲ್ಲಿ, ನಿದ್ದೆಯಲ್ಲಿ. ಅದರ ಹಿಂದಿನ ಸಂಜೆ ಗುಡಿಗೆ ನಡೆದು ಹೋಗಿ ಬಂದಿದ್ದಳು. ಅವಳಿಂದ ನನಗೆ ಬಂದ ಆಸ್ತಿಯೆಂದರೆ ಬಹುಶಃ ನನ್ನ ಅನುಮಾನವೇ ಇರಬೇಕು. ಎಲ್ಲರೂ ಒಂದೇ ದನಿಯಲ್ಲಿ ಕೂಡ್ರಿ ಎಂದು ಕೂಗಿದಾಗ, ಅದು ಎಷ್ಟೇ ಪ್ರೀತಿಯ ದನಿಯಾಗಿರಲಿ, ನಿಜವೇ ಎಂದು ನೆಲಕ್ಕಿಳಿದು ಪರೀಕ್ಷಿಸಿ ನೋಡುವ ಚಾಳಿ.

ಹೋದ ಚಳಿಗಾಲದಲ್ಲಿ ನಾನು ಬಿದ್ದೆ. ಬೀದರಿನ ನನ್ನ ಮನೆ, ಮಧ್ಯಾಹ್ನ, ಹೆಂಡತಿ ಮಗಳ ಊರಿಗೆ ಹೋಗಿದ್ದಳು, ಫೋನು ಇನ್ನೊಂದು ಕೋಣೆಯಲ್ಲಿ. ಕೂಗಿದೆ. ಯಾರೂ ಓ ಎನ್ನಲಿಲ್ಲ. ಆ ಹೊತ್ತಿನಲ್ಲಿ ನಾನು ಓದಿದ ಯಾವ ತತ್ತ್ವವೂ ಹತ್ತಿರ ಸುಳಿಯಲಿಲ್ಲ, ತಣ್ಣನೆಯ ನೆಲ ಮಾತ್ರ ಕೆನ್ನೆಗೆ ಹತ್ತಿತ್ತು. ಮಂಡಿಯೂರಿ ಗೋಡೆ ಹಿಡಿಯಲು ಹೋದೆ, ಜಾರಿದೆ. ಆಗ ನೆನಪಾಯಿತು ಎಂದರೆ ಸುಳ್ಳಾದೀತು. ನನಗಿಂತ ಮೊದಲು ನನ್ನ ಮೈಗೆ ನೆನಪಾಯಿತು. ಮಗ್ಗುಲಿಗೆ ಹೊರಳಿದೆ, ಅಂಗೈ ಊರಿದೆ, ಹಿಂಭಾಗ ಮೊದಲು ಎತ್ತಿದೆ. ನಿಂತೆ. ಕಾಲು ನಡುಗುತ್ತಿದ್ದವು, ಆದರೂ ನಿಂತಿದ್ದೆ. ತಂಬಿಗೆ ತುಂಬ ನೀರು ಕುಡಿದು ಅಕ್ಕನಿಗೆ ಫೋನು ಮಾಡಿದೆ.

"ಅಕ್ಕ, ಅದು ಎಮ್ಮೀನೇ," ಎಂದೆ. "ಇವತ್ತ ಖಾತ್ರಿ ಆಯ್ತು ನನಗ."

"ಯಾಕೋ, ಏನಾಯ್ತು?"

"ಬಿದ್ದಿದ್ದೆ."

ಅತ್ತ ಕಡೆ ಅವಳು ಚಹಾದ ಬಟ್ಟಲು ಕೆಳಗಿಟ್ಟ ಸದ್ದು ಕೇಳಿಸಿತು.

"ಎದ್ದೀ ಅಲ್ಲ?"

"ಎದ್ದೆ. ಯಾರೂ ಮುಟ್ಟಲಿಲ್ಲ."

"ಹಂಗಾದ್ರ ಆಯ್ತು," ಎಂದಳು ಅಕ್ಕ. "ಎಮ್ಮೀನೇ ಇರ್ಲಿ ಬಿಡು."